ಹತ್ತು ವರ್ಷದ ಕುಬೇರಪ್ಪ

ತನ್ನ ಚಾಳೀಸಿನ ಮೇಲೆ ತಾನೇ ಕುಳಿತದ್ದರಿಂದ ಕುಬೇರಪ್ಪನ ಆ ದಿನ ಹಾದಿ ತಪ್ಪಿತು. ಬೂಟು ಹಾಕಿಕೊಳ್ಳುವಾಗ ಜಾರದಿರಲಿ ಎಂದು ಆ ಓದುವ ಕನ್ನಡಕವನ್ನು ತೆಗೆದು ಕುರ್ಚಿಯ ಮೇಲೆ ಇಟ್ಟ. ಆಮೇಲೆ ಬೂಟಿನ ಲಾಡಿ ಕಟ್ಟಿಕೊಳ್ಳಲು ಅದೇ ಕುರ್ಚಿಯ ಮೇಲೆ ಕುಳಿತ. ಕರಿದ ಹಪ್ಪಳ ಮುರಿದಂತೆ ಸದ್ದಾಯಿತು.

"ಏನ್ ಮುರೀತ್ರೀ ಕುಬೇರಪ್ಪಾರ?" ಆಚೆ ಮನೆಯ ರುಕ್ಮವ್ವ ಗೋಡೆಯ ಮೇಲಿಂದ ತಲೆ ಎತ್ತಿದಳು. ಹುಬ್ಬಳ್ಳಿಯ ದುರ್ಗದಬೈಲಿನ ಆ ಓಣಿಯಲ್ಲಿ ಚಮಚ ಬಿದ್ದರೂ ಅವಳಿಗೆ ತಿಳಿಯಲೇಬೇಕು.

"ಚಾಳೀಸ್ರಿ."

"ಅಯ್ಯ ಶಿವನ! ಬರಿಗಣ್ಣಲೆ ಧಾರವಾಡಕ್ಕ ಹ್ಯಾಂಗ ಹೋಗ್ತೀರಿ? ತಡೀರಿ, ನಮ್ಮವರ ಹಳೇದೊಂದು ಐತಿ."

ಆ ಹಳೆಯದು ಸಿಗಲು ಅರ್ಧ ತಾಸು ಹಿಡಿಯಿತು. ಕೊನೆಗೆ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಹಾಕಿಕೊಂಡು ನೋಡಿದರೆ ಎದುರಿನ ಗೋಡೆ ಎಮ್ಮೆಯ ಹಾಗೆ ಮೈಮೇಲೆ ಬಂತು. "ಛಲೋ ಐತ್ರಿ" ಎಂದು ಮರ್ಯಾದೆಗೆ ಹೇಳಿ, ಅದನ್ನು ಜೇಬಿಗೆ ಇಳಿಸಿ, ಧಾರವಾಡದ ಚಿಗರಿ ಬಸ್ಸಿಗೆ ಓಡಿದ. ಆ ಹೊತ್ತಿಗೆ ಅವನು ಹತ್ತಬೇಕಿದ್ದ ಬಸ್ಸು ನವನಗರ ದಾಟಿರಬೇಕು.

ಕುಬೇರಪ್ಪನಿಗೆ ಐವತ್ತೆಂಟು. ಹುಬ್ಬಳ್ಳಿಯ ಒಂದು ಬೀಜದ ಕಂಪನಿಯಲ್ಲಿ ಮೂವತ್ತು ವರ್ಷದಿಂದ ಉಗ್ರಾಣ ನೋಡಿಕೊಂಡಿದ್ದ. ಚೀಲಗಳ ನಡುವೆ ಇದ್ದೂ ಇದ್ದೂ ಅವನೂ ಒಂದು ಚೀಲದಂತೆ ಆಗಿದ್ದ. ಇಟ್ಟಲ್ಲಿ ಕೂರುವವನು, ಕೇಳಿದರೆ ಮಾತ್ರ ಬಾಯಿ ಬಿಚ್ಚುವವನು. ಈಚೆಗೆ ಕಂಪನಿಯು ಗದಗಿನ ಇನ್ನೊಂದು ಕಂಪನಿಯ ಜೊತೆ ಕೂಡಿಕೊಂಡಿತ್ತು. ಹೊಸಬರು ಹಳಬರು ಒಂದಾಗಲಿ ಎಂದು ಧಾರವಾಡದ ಸಭಾಭವನವೊಂದರಲ್ಲಿ ತರಬೇತಿ ಇಟ್ಟಿದ್ದರು. "ತಪ್ಪಿಸಿದವರು ಕಲಬುರ್ಗಿ ಶಾಖೆಗೆ" ಎಂದು ಮ್ಯಾನೇಜರ್ ರಾಜಶೇಖರ ನೋಟೀಸಿನಲ್ಲೇ ಬರೆಸಿದ್ದರು.

ಹೋಗುವುದಕ್ಕೆ ಕುಬೇರಪ್ಪನ ಅಡ್ಡಿ ಇರಲಿಲ್ಲ. ಆದರೆ ಬಿಲ್ಲಿನ ವಿಭಾಗದ ದತ್ತು ಹಿಂದಿನ ದಿನವೇ ಹೆದರಿಸಿದ್ದ: "ಕಾಕಾ, ಅಲ್ಲೆ ಐಸ್ ಬ್ರೇಕರ್ ಅಂತ ಮಾಡ್ತಾರ."

"ಬರ್ಫ ಯಾಕ ಒಡೀಬೇಕೋ? ಶರಬತ್ತ ಮಾಡ್ತಾರೇನು?"

"ಬರ್ಫ ಅಲ್ರೀ, ಮನಷ್ಯಾರನ್ನ ಒಡೀತಾರ! ಕುಣಸ್ತಾರ, ಓಡಸ್ತಾರ, ಗುರ್ತಿಲ್ಲದವರ ಕೈ ಹಿಡಸ್ತಾರ."

ಕುಬೇರಪ್ಪ ಬಿಚ್ಚಿದ್ದ ಊಟದ ಡಬ್ಬಿಯನ್ನು ಅವನೆದುರೇ ಮುಚ್ಚಿಟ್ಟಿದ್ದ.

ಸಭಾಭವನಕ್ಕೆ ಬಂದಾಗ ಹತ್ತೂವರೆ. ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ದೂರದ ಗುಡಿಯ ಕಳಸ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಮೂಗಿನ ಮುಂದಿನ ಅಕ್ಷರಗಳು ಮಾತ್ರ ಇರುವೆಗಳಂತೆ ಹರಿದಾಡಿದವು. ಅಷ್ಟರಲ್ಲಿ ಬಾಗಿಲು ತೆರೆದು ಒಬ್ಬ ಚುರುಕು ಹುಡುಗಿ ಹೊರಗೆ ಬಂದಳು.

"ಟ್ರೇನಿಂಗಿಗೆ ಬಂದೀರೇನ್ರಿ? ಲಗೂ ಬರ್ರಿ, ಚಾಲೂ ಆಗೇತಿ! ನಾನು ಸುಮೇಧಾ, ಟ್ರೇನರ್. ಫೋನ್ ಈ ಬುಟ್ಟಿಗೆ ಹಾಕ್ರಿ. ಹೆಸರಿನ ಚೀಟಿ ಒಂದೂ ಉಳದಿಲ್ಲ... ಇರ್ಲಿ, ಹೊಸಾದು ಬರೀತೇನಿ. ಸಣ್ಣಾವ್ರಿದ್ದಾಗ ಮನ್ಯಾಗ ಏನಂತ ಕರೀತಿದ್ರು?"

"ಕುಬ್ಯಾ" ಎಂದು ಬಾಯಿಂದ ಜಾರಿಯೇ ಹೋಯಿತು.

ಅವಳು ಅದನ್ನೇ ಬರೆದು ಅವನ ಎದೆಗೆ ಚುಚ್ಚಿದಳು. ಅವ್ವ ತೀರಿಕೊಂಡು ಇಪ್ಪತ್ತು ವರ್ಷ. ಅಕ್ಕ ಕಾಳವ್ವನೂ ಮೊಮ್ಮಕ್ಕಳಾದ ಮೇಲೆ "ಕುಬೇರಪ್ಪ" ಎನ್ನತೊಡಗಿದ್ದಳು. ಆ ಹೆಸರಿಗೆ ಈ ಲೋಕದಲ್ಲಿ ವಾರಸುದಾರರೇ ಉಳಿದಿರಲಿಲ್ಲ.

ಒಳಗೆ ಮೂವತ್ತು ಜನ ದುಂಡಗೆ ನಿಂತಿದ್ದರು. ಒಂದೂ ಗುರುತಿನ ಮುಖವಿಲ್ಲ. ಗದಗಿನವರಿರಬೇಕು. ದತ್ತು ಕಾಣಲಿಲ್ಲ, ಹೆದರಿಸಿ ತಾನು ತಪ್ಪಿಸಿಕೊಂಡ, ಕಳ್ಳ!

"ಇವತ್ತು ಒಂದ ನಿಯಮ," ಸುಮೇಧಾ ಚಪ್ಪಾಳೆ ತಟ್ಟಿದಳು. "ಸಂಜೀತನಾ ನೀವೆಲ್ಲಾ ಹತ್ತು ವರ್ಷದವರು. ಆಫೀಸು, ಹುದ್ದೆ, ಪಗಾರ, ಯಾವ ಮಾತೂ ಬಾಯಾಗ ಬರಬಾರದು. ಬಂದ್ರ ಹಾಲ್ ಸುತ್ತ ಕುಂಟೂದು!"

ಮೊದಲ ಆಟ ಚೆಂಡಿನದು. ಯಾರ ಹೆಸರು ಕೂಗಿ ಎಸೆಯುತ್ತಾರೋ ಅವರು ಹಿಡಿಯಬೇಕು. ಕುಬೇರಪ್ಪ ಒಂದು ಕಂಬದ ಹಿಂದೆ ಸರಿದುಕೊಂಡ. ಕಂಬ ಸಣ್ಣದು, ಅವನ ಹೊಟ್ಟೆ ದೊಡ್ಡದು. "ಕುಬ್ಯಾ!" ಎಂದು ಯಾರೋ ಕೂಗಿದರು. ಚೆಂಡು ನೇರ ಹೊಟ್ಟೆಗೆ ಬಡಿದು, ಅಂಗಿಯ ಗುಂಡಿಯನ್ನು ಕರೆದುಕೊಂಡು ಹೋಯಿತು. ಎಲ್ಲರೂ ಗೊಳ್ಳೆಂದರು. "ಇದು ಆಫೀಸಿನ ಅಂಗಿ..." ಎಂದು ಕುಬೇರಪ್ಪ ಗೊಣಗಿದ್ದೇ ತಪ್ಪಾಯಿತು. ಹಾಲಿನ ಸುತ್ತ ಕುಂಟಬೇಕಾಯಿತು.

ಎರಡನೆಯದು ಅದಕ್ಕಿಂತ ಕಡೆ. ಎಂಟೆಂಟು ಜನ ಒತ್ತಾಗಿ ನಿಂತು, ಎದುರಿನವರ ಕೈ ಹಿಡಿದು, ಬಿಡದೆ ಗಂಟು ಬಿಡಿಸಿಕೊಳ್ಳಬೇಕು. ಸ್ವಲ್ಪ ಹೊತ್ತಿನಲ್ಲಿ ಕುಬೇರಪ್ಪನ ತಲೆ ಅಸ್ಫಾಕ ಎಂಬ ದೈತ್ಯನ ಬಗಲಲ್ಲಿತ್ತು, ಬಲಗಾಲು ಯಾರದೋ ತೋಳಿನ ಮೇಲಿತ್ತು. ನಾಗರತ್ನಾ ಎಂಬ ದಪ್ಪ ಹೆಣ್ಣುಮಗಳೊಬ್ಬಳು ಕೆಳಗಿಂದ ಕೂಗಿದಳು: "ಯಪ್ಪಾ, ನನ್ನ ಜಡಿ ಮ್ಯಾಲ ಯಾರ್ ನಿಂತೀರಿ?"

"ನಾನಲ್ರೀ," ಎಂದ ಕುಬೇರಪ್ಪ, ನಿಂತವನು ಅವನೇ ಆಗಿದ್ದರೂ.

ಗಂಟು ಬಿಚ್ಚಿದ ಕೂಡಲೇ ಅವನು ಶೌಚಾಲಯಕ್ಕೆ ನುಸುಳಿ ಚಿಲಕ ಹಾಕಿಕೊಂಡ. ಊಟದ ತನಕ ಅಲ್ಲಿಯೇ ಇರುವ ವಿಚಾರ. ಹತ್ತು ನಿಮಿಷಕ್ಕೆ ಬಾಗಿಲ ಮೇಲೆ ಬಡಿತ.

"ಕುಬ್ಯಾ, ಹೊಟ್ಟಿ ಸರಿ ಇಲ್ಲೇನು?" ಅಸ್ಫಾಕನ ದನಿ. "ಇಲ್ಲಾ ನನ್ನಂಗ ನಾಚಿಕಿನೋ? ನಾನೂ ಇಲ್ಲೇ ಅಡಗಾಕ ಬಂದೇನಿ, ಜರಾ ಜಾಗಾ ಬಿಡು ಮಾರಾಯಾ."

ಕುಬೇರಪ್ಪನಿಗೆ ನಗು ತಡೆಯಲಾಗಲಿಲ್ಲ. ಚಿಲಕ ತೆಗೆದ. ಅಷ್ಟು ದೊಡ್ಡ ಆಳು ಹೊರಗೆ ಅಳುಮುಖ ಮಾಡಿಕೊಂಡು ನಿಂತಿದ್ದ. ಇಬ್ಬರೂ ಸಾಲೆ ತಪ್ಪಿಸಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿಕೊಂಡು ವಾಪಸು ಬಂದರು.

ಮಧ್ಯಾಹ್ನ ಊಟವಾದ ಮೇಲೆ ಎಲ್ಲರನ್ನೂ ಹಿತ್ತಲಿಗೆ ಕರೆತಂದರು. "ಈಗ ನನ್ನ ಆಟ ಇಲ್ಲ," ಎಂದಳು ಸುಮೇಧಾ. "ನೀವ ಆಡಿದ್ದು ನೀವ ಕಲಸ್ರಿ. ಯಾರು ಮೊದಲು?"

ಒಬ್ಬರು ಇನ್ನೊಬ್ಬರನ್ನು ಮುಂದೆ ತಳ್ಳಿದರು. ಕುಬೇರಪ್ಪ ಸುಮ್ಮನೆ ನೆಲ ನೋಡುತ್ತಿದ್ದ. ಬೇವಿನ ಮರದ ಬುಡದಲ್ಲಿ ಒಡೆದ ಹಂಚಿನ ಚೂರುಗಳು ಬಿದ್ದಿದ್ದವು. ಅವನಿಗೇ ತಿಳಿಯದಂತೆ ಬಗ್ಗಿ ಒಂದನ್ನು ಎತ್ತಿಕೊಂಡ. ಅಂಗೈಯಲ್ಲಿ ತೂಗಿದ. ಅದರ ಮೇಲಿಡುವಂಥ ಇನ್ನೊಂದು ಹುಡುಕಿದ. ಏಳನೆಯದನ್ನು ಇಟ್ಟಾಗ ಸುತ್ತ ಎಲ್ಲರೂ ನಿಂತಿದ್ದರು.

"ಲಗೋರಿ!" ಎಂದಳು ನಾಗರತ್ನಾ, ಕಳೆದ ಬಳೆ ಸಿಕ್ಕವಳ ಹಾಗೆ.

ಹುಟ್ಟೂರು ಅಮ್ಮಿನಬಾವಿಯ ಸಾಲೆಯ ಹಿಂದಿನ ಬಯಲು ಕುಬೇರಪ್ಪನ ಕಣ್ಣಿಗೆ ಕಟ್ಟಿತು. ಅವ್ವನ ಹಳೆಯ ಸೀರೆಯ ಅಂಚು ಸುತ್ತಿ ಮಾಡಿದ ಚೆಂಡು. ಎರೆಮಣ್ಣು ಮೆತ್ತಿದ ಹಿಮ್ಮಡಿ. ದನಗಳು ಮರಳುವ ಹೊತ್ತಿಗೆ ಏಳುವ ಧೂಳು. ಕಾಳವ್ವ ಕಟ್ಟೆಯ ಮೇಲೆ ನಿಂತು, "ಕುಬ್ಯಾ, ರೊಟ್ಟಿ ಆರಾಕತ್ತಾವು!" ಎಂದು ಕೂಗುತ್ತಿದ್ದಳು. "ಇದೊಂದ ಆಟ ಅಕ್ಕಾ!" ಎಂದು ಅವನು ಕೂಗುತ್ತಿದ್ದ. ಕಡೆಯ ಆಟ ಯಾವುದಾಗಿತ್ತು, ಯಾವ ಸಂಜೆ ಮನೆಗೆ ಹೋದವನು ಮತ್ತೆ ಬಯಲಿಗೆ ಮರಳಲಿಲ್ಲ, ಎಷ್ಟು ನೆನೆದರೂ ನೆನಪಾಗಲಿಲ್ಲ.

"ಎರಡ ಪಾರ್ಟಿ ಆಗ್ರಿ!" ಎಂದು ಕುಬೇರಪ್ಪ ಗುಡುಗಿದ. ಉಗ್ರಾಣದಲ್ಲಿ ಆ ದನಿಯನ್ನು ಯಾರೂ ಕೇಳಿರಲಿಲ್ಲ. "ಅಸ್ಫಾಕ, ನೀ ನನ್ನ ಕಡೆ. ನಾಗರತ್ನಾ, ಸೆರಗ ಕಟ್ಟು!"

ದೂರದ್ದನ್ನು ನೋಡಲು ಅವನಿಗೆ ಚಾಳೀಸು ಬೇಕಿರಲಿಲ್ಲ. ಮೊದಲ ಏಟಿಗೇ ಏಳೂ ಚೂರು ಚದುರಿದವು. ಚೆಂಡು ಬೆನ್ನಟ್ಟಿ ಬಂತು, ಅವನು ಬಾಗಿದ, ಹೊರಳಿದ, ಅಸ್ಫಾಕನ ಬೆನ್ನಿನ ಮರೆಯಲ್ಲಿ ಕೂತು ಚೂರು ಪೇರಿಸಿದ. ಪ್ಯಾಂಟು ಮೊಣಕಾಲಲ್ಲಿ ಹರಿಯಿತು. ಏದುಸಿರು ಬಿಡುತ್ತ ಕೊನೆಯ ಚೂರಿಟ್ಟು, ಕೈ ಎತ್ತಿ, ಧಾರವಾಡವೇ ಕೇಳುವಂತೆ "ಲಗೋರೀ!" ಎಂದು ಕೂಗಿದ. ಮೂವತ್ತು ಜನ ಅವನನ್ನು ಎತ್ತಲು ಬಂದರು. ಅಸ್ಫಾಕ ಒಬ್ಬನೇ ಎತ್ತಿದ.

ಸಂಜೆ ಐದಕ್ಕೆ ಪ್ರಮಾಣಪತ್ರ ಹಂಚಿದರು. ಒಬ್ಬೊಬ್ಬರಿಗೂ ಚಪ್ಪಾಳೆ. "ಇಡೀ ದಿನದ ಹೀರೋ ನಮ್ಮ ಕುಬ್ಯಾ," ಎನ್ನುತ್ತ ಸುಮೇಧಾ ಕಟ್ಟು ತಿರುವಿದಳು. ಮತ್ತೊಮ್ಮೆ ತಿರುವಿದಳು. "ನಿಮ್ಮದು ಬಂದಿಲ್ಲಲ್ರೀ. ಈಗ ಹೇಳ್ರಿ, ಯಾವ ಶಾಖೆ?"

"ಹುಬ್ಬಳ್ಳಿ ಉಗ್ರಾಣರಿ. ಬೀಜದ್ದು."

"ಪಂಪಿನ ಕಂಪನ್ಯಾಗ ಬೀಜ ಯಾಕ್ರಿ?" ಎಂದ ಅಸ್ಫಾಕ.

ಸುಮೇಧಾ ಬಾಯಿಗೆ ಕೈ ಇಟ್ಟುಕೊಂಡಳು. "ಸರ್... ಇದು ನೀರಿನ ಪಂಪಿನವರ ಟ್ರೇನಿಂಗು. ಬೀಜದವರದು ಮ್ಯಾಲಿನ ಮಾಳಿಗಿ!"

ಕುಬೇರಪ್ಪ ಬಾಗಿಲತ್ತ ಧಾವಿಸಿದ. ಬುಟ್ಟಿಯಿಂದ ಫೋನು ತೆಗೆದರೆ ಹದಿನಾಲ್ಕು ಕರೆ, ಎಲ್ಲವೂ ರಾಜಶೇಖರರದು. ಓಡಿ ಮೆಟ್ಟಿಲ ಬಳಿ ಬರುವುದಕ್ಕೂ ಬೀಜದ ಕಂಪನಿಯವರು ಇಳಿಯುವುದಕ್ಕೂ ಸರಿಹೋಯಿತು. ಮುಂದೆ ಆಕಳಿಸುತ್ತ ದತ್ತು. ಅವನ ಕೆನ್ನೆಯ ಮೇಲೆ ಮೇಜಿನ ಅಂಚಿನ ಗೆರೆ ಮೂಡಿತ್ತು. ಹಿಂದೆ ರಾಜಶೇಖರ.

ಮ್ಯಾನೇಜರು ಮೇಲಿಂದ ಕೆಳಗೆ ನೋಡಿದರು: ಗುಂಡಿ ಇಲ್ಲದ ಅಂಗಿ, ಹರಿದ ಪ್ಯಾಂಟು, ತಲೆ ತುಂಬ ಮಣ್ಣು.

"ಕುಬೇರಪ್ಪ! ಇಡೀ ದಿನ ಎಲ್ಲಿದ್ರಿ?"

"ಇಲ್ಲೇ ಕೆಳಗ ಇದ್ದೆರಿ... ಲಗೋರಿ ಆಡಾಕತ್ತಿದ್ದೆ."

"ಸುಳ್ಳ ಹೇಳೂದಾದ್ರ ನಂಬೂವಂಥಾದ್ದು ಹೇಳ್ರಿ!" ರಾಜಶೇಖರರ ದನಿ ಕಟ್ಟಡ ತುಂಬಿತು. "ಗೈರು ಹಾಕೇನಿ. ನಾಳೆ ಎರಡನೇ ಬ್ಯಾಚಿಗೆ ಬರ್ರಿ. ಇದು ಕಡೇ ಸಲ. ಬರದಿದ್ರ ಕಲಬುರ್ಗಿ!"

ಕುಬೇರಪ್ಪನ ಮುಖ ಅರಳಿತು. "ನಾಳೆನೂ ಐತೇನ್ರಿ? ಬರ್ತೇನ್ರಿ ಸರ್! ಚೆಂಡು ನಾನ ತರ್ತೇನಿ!"

"ಎಂಥಾ ಚೆಂಡು ಕಾಕಾ?" ದತ್ತು ಕಣ್ಣುಜ್ಜಿದ. "ಮುಂಜಾನಿಂದ ಒಬ್ಬ ವಕೀಲ ಬೀಜದ ಕಾಯ್ದೆ ಓದಿದ. ನಾಳೆನೂ ಅವನ ಓದ್ತಾನ."

"ಆಟಾ ಇದ್ದೂರಿ," ಎಂದರು ರಾಜಶೇಖರ. ದನಿ ಮೆತ್ತಗಾಗಿತ್ತು. ಕುಬೇರಪ್ಪನ ಹೆಗಲ ಮೇಲೆ ಕೈ ಇಟ್ಟರು. "ನೀವು ಹೆದರಿ ಊಟಾ ಬಿಟ್ಟೀರಂತ ಈ ದತ್ತು ಹೇಳಿದ. ಹಿರಿಯಾರು, ಪಾಪ, ಯಾಕ ತ್ರಾಸು ಕೊಡೂದಂತ ಎರಡೂ ದಿನದ್ದು ನಾನ ನಿಂತು ತಗಿಸೇನಿ. ನಿಮ್ಮೊಬ್ಬರ ಸಲುವಾಗಿ. ಆರಾಮ ಬರ್ರಿ, ಒಂದೂ ಆಟ ಇರಂಗಿಲ್ಲ."

ಹಿತ್ತಲಿನಲ್ಲಿ ಪಂಪಿನವರು ಇನ್ನೂ ಹೋಗಿರಲಿಲ್ಲ. ಯಾರೋ ಏಟು ಹಾಕಿದರು. ಹಂಚಿನ ಚೂರು ಚದುರಿದ ಸದ್ದು, ಹಿಂದೆಯೇ ಅಸ್ಫಾಕನ ಕೇಕೆ.

ಕುಬೇರಪ್ಪ ಅತ್ತ ಕಿವಿಗೊಟ್ಟು ಒಂದು ಕ್ಷಣ ನಿಂತ. ಆಮೇಲೆ ಮ್ಯಾನೇಜರಿಗೆ ಕೈ ಮುಗಿದ.

"ಭಾಳ ಉಪಕಾರ ಆತ್ರಿ," ಎಂದ.