ಭೇದವಿಲ್ಲದ ಬೀದಿಗಳು

ನಗರಸಭೆಯ ಕಡತದ ಪ್ರಕಾರ, ಕಳೆದ ತಿಂಗಳ ಎಂಟನೇ ತಾರೀಖಿನಿಂದ ಕೆಳಗಿನ ಬೀದಿಯ ಮಕ್ಕಳಲ್ಲಿ ಭೇದ ಹರಡುತ್ತಿದೆ.

ಶಿಶುವಿಹಾರದ ಟೀಚರ್ ಬರೆದಿದ್ದದ್ದು ಭೇದಿ ಎಂದು. ಹನ್ನೊಂದು ಮಕ್ಕಳಿಗೆ ವಾಂತಿ, ಭೇದಿ. ಅವರಲ್ಲೊಬ್ಬ ಟೀಚರ ಮೊಮ್ಮಗನೇ, ಒಂದೂವರೆ ವರ್ಷದವನು. ಡಾಕ್ಟರು ವೈರಸ್ ಎಂದಿದ್ದರು. ಅದು ಬಂದ ದಾರಿಯೂ ಕಣ್ಣೆದುರಿಗೇ ಇತ್ತು. ನೀರಿನ ಪೈಪಿನ ಒಂದು ಜಾಯಿಂಟ್ ಚರಂಡಿಯೊಳಗೆ ಸೋರುತ್ತದೆ. ಪಂಪು ನಿಂತಾಗ ಅದೇ ಜಾಯಿಂಟ್ ಚರಂಡಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಒಂದು ಮಗುವಿನ ಬಟ್ಟೆ ಒಗೆದ ನೀರು ಮರುದಿನ ಇನ್ನೊಂದು ಮಗುವಿನ ಲೋಟಕ್ಕೆ ಬರುತ್ತದೆ. ಉಳಿದ ಮಕ್ಕಳು ಹಾಸಿಗೆ ಹಿಡಿಯುವ ಮೊದಲು ಜಾಯಿಂಟ್ ಮುಚ್ಚಿಸಿ ಎಂಬುದಷ್ಟೇ ಅರ್ಜಿ.

ಅರ್ಜಿ ಕಂಪ್ಯೂಟರ್ ಹತ್ತುವಾಗ ‘ದಿ’ಯ ಗುಡಿಸು ಬಿದ್ದುಹೋಯಿತು. ಹಾಗಾಗಿ ಅದು ನೀರು ಸರಬರಾಜು ವಿಭಾಗಕ್ಕೆ ಹೋಗದೆ ಭೇದಭಾವ ನಿವಾರಣಾ ವಿಭಾಗಕ್ಕೆ ಹೋಯಿತು. ಟೀಚರ್ ಮೂರು ದಿನ ಅಲೆದು ಗುಮಾಸ್ತರನ್ನು ಹಿಡಿದರು; ಒಂದು ಗುಡಿಸು ಹಾಕಿಕೊಡಿ ಎಂದು ಕೇಳಿದರು.

“ಗುಡಿಸೋದು ನೈರ್ಮಲ್ಯ ವಿಭಾಗ, ಮೇಡಂ. ನಾವು ಪೊರಕೆ ಮುಟ್ಟೋ ಹಾಗಿಲ್ಲ.”

“ಅಕ್ಷರದ ಗುಡಿಸಪ್ಪಾ.”

“ಅಕ್ಷರ ಶಿಕ್ಷಣ ವಿಭಾಗ.”

ಭೇದಭಾವದ ಸಾಹೇಬರು ಮಾತ್ರ ಚುರುಕಿನವರು. ಮರುದಿನವೇ ಸ್ಥಳ ಪರಿಶೀಲನೆ ಮಾಡಿದರು. ಕೆಳಗಿನ ಬೀದಿಗೆ ಒಂದು ಪೈಪು, ಅವರದೇ ಮನೆಯಿರುವ ಮೇಲಿನ ಬೀದಿಗೆ ಇನ್ನೊಂದು. ಕೆಳಗಿನ ಮಕ್ಕಳು ದಿನಕ್ಕೆ ಎಂಟು ಸಲ ಹೋದರೆ ಮೇಲಿನವರು ಒಂದೇ ಸಲ. ಇಷ್ಟು ದೊಡ್ಡ ಅಂತರ ವಿಭಾಗದ ದಾಖಲೆಯಲ್ಲಿ ಹಿಂದೆ ಇರಲಿಲ್ಲ. ದೂರು ಸಾಬೀತಾಯಿತು.

ಹಾಗಾದರೆ ಮೇಲಿನ ಬೀದಿಯ ನೀರನ್ನೇ ನಮಗೂ ಬಿಡಿ ಎಂದರು ಟೀಚರ್.

ಸಾಹೇಬರಿಗೆ ಬೇಸರವಾಯಿತು. “ಮೇಲಿದ್ದದ್ದನ್ನ ಕೆಳಗಿಳಿಸೋದಾ? ಕೆಳಗಿನದನ್ನ ಮೇಲಕ್ಕೆತ್ತೋದೇ ನಮ್ಮ ಧ್ಯೇಯ, ಅಮ್ಮಾ.”

ಆದೇಶ ಹೊರಟಿತು: ‘ಯಾವುದೇ ಮಗು ಬೀದಿಯ ಕಾರಣಕ್ಕೆ ವಂಚಿತವಾಗತಕ್ಕದ್ದಲ್ಲ. ಕೆಳಗಿನ ಬೀದಿಯ ನೀರನ್ನು ಮೋಟಾರಿನಿಂದ ಮೇಲಕ್ಕೆತ್ತತಕ್ಕದ್ದು. ಸದರಿ ಜಾಯಿಂಟನ್ನು ಯಾರೂ ಮುಟ್ಟತಕ್ಕದ್ದಲ್ಲ, ಅದು ಸಾಕ್ಷ್ಯ.’

ಮೋಟಾರು ಕೂತ ಮೂರನೇ ದಿನ ಮೇಲಿನ ಬೀದಿಯಲ್ಲೂ ಸಮಾನತೆ ಕಾಣಿಸಿಕೊಂಡಿತು. ಮೊದಲು ಬಂದದ್ದು ಸಾಹೇಬರ ಮೊಮ್ಮಗಳಿಗೆ. ಕಚೇರಿಯವರು ಸಾಲಾಗಿ ಬಂದು ಸಾಹೇಬರ ಕೈಕುಲುಕಿ ಅಭಿನಂದಿಸಿದರು. ಕುಲುಕಿದ ಕೈಗಳನ್ನು ಯಾರೂ ತೊಳೆದುಕೊಳ್ಳದ ಕಾರಣ ಸಮಾನತೆ ಅವರವರ ಮನೆಗಳಿಗೂ ತಲುಪಿತು.

ಟೀಚರ್ ಅರ್ಜಿ ಬರೆಯುವುದನ್ನು ಬಿಟ್ಟು ಒಲೆ ಹಚ್ಚಿದರು. ಮೊಮ್ಮಗನಿಗೆ ಓಆರ್‌ಎಸ್ ಕಲಸಿ ಚಮಚ ಚಮಚವಾಗಿ ಕುಡಿಸಿದರು. ಕುಡಿಯುವ ನೀರನ್ನು ಕೊತಕೊತ ಕುದಿಸಿದರು. ಅಕ್ಕಪಕ್ಕದ ಆರು ಮನೆಗೂ ಹೇಳಿಕೊಟ್ಟು, ಸೋಪು ಹಚ್ಚಿ ಕೈ ತೊಳೆಸಿದರು. ನಾಲ್ಕನೇ ದಿನ ಹುಡುಗ ಎದ್ದು ಅಜ್ಜಿಯ ಕನ್ನಡಕ ಮುರಿದ. ಆ ಆರು ಮನೆಯಲ್ಲಿ ಹೊಸದಾಗಿ ಯಾವ ಮಗುವೂ ಮಲಗಲಿಲ್ಲ.

ಐದನೇ ದಿನ ಟೀಚರಿಗೆ ನೋಟಿಸ್ ಬಂತು: ಏಳು ಮನೆಗಳಲ್ಲಿ ಮಾತ್ರ ನೀರು ಕುದಿಸಿ ಮಕ್ಕಳಲ್ಲಿ ಹೊಸದಾಗಿ ಭೇದ ಉಂಟುಮಾಡಿದ್ದೀರಿ, ಸಮಜಾಯಿಷಿ ಕೊಡಿ.

ಟೀಚರ್ ನೋಟಿಸನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಸಾಹೇಬರ ಕಚೇರಿಗೆ ಹೋದರು.

“ತಪ್ಪಾಯ್ತು ಸಾರ್. ಬಿಟ್ಟುಹೋದವರನ್ನೂ ಸೇರಿಸ್ಕೊಂಡ್ಬಿಡಿ. ಎಲ್ರೂ ಕುದಿಸ್ಲಿ.”

ಸಾಹೇಬರು ಯೋಚಿಸಿದರು. ಮನೆಯಲ್ಲಿ ಮೊಮ್ಮಗಳು ಆ ಬೆಳಗ್ಗೆ ಆರನೇ ಸಲ ಹೋಗಿದ್ದಳು.

“ಎಲ್ರೂ ಅಂದ್ರೆ, ಎರಡೂ ಬೀದೀನಾ?”

“ಒಂದು ಮನೇನೂ ಬಿಡಬೇಡಿ.”

“ಹಾಗಾದ್ರೆ ಭೇದ ಬರಲ್ಲ,” ಎಂದು ಸಾಹೇಬರು ಸಹಿ ಹಾಕಿದರು.

ಮಕ್ಕಳು ಚೇತರಿಸಿಕೊಂಡಿದ್ದಾರೆ. ಜಾಯಿಂಟಿನ ಸುತ್ತ ಬೇಲಿ ಹಾಕಿ ‘ಸಂರಕ್ಷಿತ’ ಎಂಬ ಫಲಕ ನೆಡಲಾಗಿದೆ. ಎರಡೂ ಬೀದಿಯವರು ಈಗ ಚರಂಡಿಯನ್ನು ಕುದಿಸಿಯೇ ಕುಡಿಯುತ್ತಾರೆ. ಯಾರದೂ ದೂರಿಲ್ಲ.