ಮುಖವಿಲ್ಲದ ಪಾದ್ರಿಗಳಿಗೆ, ಸ್ಲೀಪರ್ ಎತ್ತುವ ವಿಚಾರವಾಗಿ

ಮಕ್ಕಳ ರೈಲುಕತೆಗಳ ಹಳ್ಳಿ ಪಾದ್ರಿಗಳೂ, ಸಕಲ ಇಂಜಿನ್‌ಗಳ ಆಪದ್ಬಾಂಧವರೂ, ಸದ್ಯ ಲಿಟಲ್ ಥಾರ್ನ್‌ಬಿ ನಿಲ್ದಾಣದ ಬೇಲಿಗೆ ಒರಗಿ ನಿಂತಿರುವವರೂ ಆದ ಪೂಜ್ಯರ ಸನ್ನಿಧಿಗೆ,

ಮಾನ್ಯರೇ,

ಅಂತೂ ಗಾಳಿಗೆ ಹಾರಿದ ತಮ್ಮ ಟೋಪಿಯ ಕತೆ ನಿನ್ನೆ ಅರ್ಧಕ್ಕೇ ನಿಂತುಹೋಯಿತು. ಬೇಲಿಯ ಈಚೆಯಿಂದ ನಾನು ಹೇಳುತ್ತಿದ್ದೆ, ಆಚೆಯಿಂದ ತಾವು ಎಂದಿನ ಸೌಜನ್ಯದಿಂದ ಕೇಳುತ್ತಿದ್ದಿರಿ, ಅಷ್ಟರಲ್ಲಿ ಯಾರದೋ ಮಗಳು ಓಡಿಬಂದು ತಮ್ಮ ಮುಖದ ತೂತಿನಲ್ಲಿ ತನ್ನ ಮುಖ ತೂರಿಸಿ ನನಗೆ ನಾಲಗೆ ಚಾಚಿದಳು. ಪ್ಲೈವುಡ್ಡಿನಲ್ಲಿ ಕೊಯ್ದು ಬಣ್ಣ ಬಳಿದ ತಮ್ಮ ದೇಹಕ್ಕೆ ಮುಖವಿರಬೇಕಾದಲ್ಲಿ ತೂತು ಬಿಟ್ಟಿರುವುದು ಫೋಟೋ ತೆಗೆಸಿಕೊಳ್ಳುವ ಪ್ರವಾಸಿಗಳ ಅನುಕೂಲಕ್ಕೆಂದು ನಾನು ಬಲ್ಲೆ. ಆದರೂ ಕಷ್ಟ ಹೇಳಿಕೊಳ್ಳುವವನಿಗೆ ಎದುರಿಗೊಂದು ಮುಖ ಬೇಕಾಗುತ್ತದೆ. ಅದಿಲ್ಲದ್ದರಿಂದ ಈ ಪತ್ರ. ಹೋಗುವಾಗ ತಮ್ಮ ಕೈಯ ಬುಟ್ಟಿಗೆ ಸಿಕ್ಕಿಸಿ ಹೋಗುತ್ತೇನೆ. ದಾರಿಹೋಕರು ಓದಿದರೂ ಅಡ್ಡಿಯಿಲ್ಲ.

ತಮ್ಮ ದಯೆಗೆ ಎಣೆಯಿಲ್ಲ. ಟೋಪಿ ಹಾರಿ ಕಲ್ಲಿದ್ದಲಿನ ರಾಶಿಗೆ ಬಿದ್ದಾಗಲೂ ತಾವು ಗಾಳಿಯನ್ನು ಬೈಯಲಿಲ್ಲ. ಗುಜರಿಗೆ ಹೊರಟಿದ್ದ ಮುದಿ ಇಂಜಿನ್ ಕಣ್ಣೀರು ಹಾಕಿದ ಪುಟದಲ್ಲೇ, ಕೈಯಲ್ಲಿದ್ದ ಪ್ಲಮ್ ಕೇಕಿನ ತುಂಡನ್ನೂ ಬಿಡದೆ, ಅದನ್ನು ಉಳಿಸಿದಿರಿ. ನನ್ನ ಹೆಂಡತಿ ಮಾರ್ಜರಿ ಊರಿನ ಶಾಲೆಯಲ್ಲಿ ಮಕ್ಕಳಿಗೆ ಈ ಕತೆಗಳನ್ನು ಓದಿಹೇಳುತ್ತಿದ್ದಳು. ರಾತ್ರಿ ನನಗೂ ಓದುತ್ತಿದ್ದಳು, ನನ್ನ ಇಂಗ್ಲಿಷನ್ನು ತಿದ್ದುವ ನೆವದಲ್ಲಿ. ಮೈಸೂರಿನ ಕಾಲೇಜಿನಿಂದ ನಾನು ಹೊತ್ತುತಂದ ಇಂಗ್ಲಿಷಿನ ಬಗ್ಗೆ ಅವಳ ಅಭಿಪ್ರಾಯ ಕೊನೆಯವರೆಗೂ ಬದಲಾಗಲಿಲ್ಲ. "ನಿಂದು ಅಜ್ಜನ ಕೋಟು ಇದ್ದಂಗೆ ಕಣೋ ಪ್ಯಾಡಿ, ಗುಂಡಿಯೆಲ್ಲ ಫಳಫಳ ಅಂತವೆ, ತೋಳೇ ಇಲ್ಲ" ಎನ್ನುತ್ತಿದ್ದಳು. ನನ್ನ ಹೆಸರು ಪದ್ಮನಾಭಯ್ಯ. ಜಾಮ್ ಕಾರ್ಖಾನೆಗೆ ಸೇರಿದ ಮೊದಲ ದಿನ ಅದು ಅಲ್ಲಿನವರ ಬಾಯಿಗೆ ಸಿಕ್ಕಿ ಪ್ಯಾಡಿ ಆಯಿತು, ಅದು ಐರಿಷರ ಹೆಸರಾದ್ದರಿಂದ ಇಂದಿಗೂ ಕೆಲವರು ನನ್ನನ್ನು ಬಿಸಿಲಿಗೆ ಕಂದಿದ ಐರಿಷ್ ಮನುಷ್ಯ ಎಂದೇ ನಂಬಿದ್ದಾರೆ. ಇರಲಿ, ಎಲ್ಲಿದ್ದೆ?

ಹಾಂ, ಆ ತೋಳಿಲ್ಲದ ಕೋಟೇ ಈ ಸಲ ನನ್ನನ್ನು ಬೀದಿಗೆ ತಂದಿತು. ಕಳೆದ ವಾರ ಇಗರ್ಜಿಯ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಿದ್ದರು. 'ಇಗರ್ಜಿಯ ಹಳಿ ಬದಿಯಲ್ಲಿರುವ ಹಳೆಯ ಸ್ಲೀಪರ್‌ಗಳನ್ನೆಲ್ಲ ಸುಗ್ಗಿಹಬ್ಬದ ಮೊದಲು ಎತ್ತಲಾಗುವುದು. ತೋಟಗಾರಿಕೆಗೆ ಬಹಳ ಉಪಯುಕ್ತ. ಬೇಕಾದವರು ಕೈಗಾಡಿ ತರತಕ್ಕದ್ದು.' ಸತ್ತವರನ್ನು ಸತ್ತರು ಎನ್ನಬಾರದು, ಮಲಗಿದ್ದಾರೆ ಎನ್ನಬೇಕು, ಅದೇ ಸಭ್ಯ ಇಂಗ್ಲಿಷು ಎಂದು ನಮ್ಮ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ಇಲ್ಲಿನ ಗೋರಿಕಲ್ಲುಗಳೂ ಅದನ್ನೇ ಹೇಳುತ್ತವೆ; ಮಾರ್ಜರಿಯ ಕಲ್ಲಿನ ಮೇಲೂ 'ನಿದ್ರೆಹೋದಳು' ಎಂದೇ ಕೆತ್ತಿಸಿದ್ದೇನೆ. ಅಂದಮೇಲೆ ಸ್ಲೀಪರ್ ಎಂದರೆ ಮಲಗಿರುವವರು, ಅವಳು ಮಲಗಿರುವುದೂ ಹಳಿ ಬದಿಯಲ್ಲಿ. ಇನ್ನೊಂದು ಸ್ಲೀಪರ್ ನನಗೆ ಗೊತ್ತಿದ್ದರೆ ಅದು ಮುಂಬಯಿಗೆ ಬಂದ ರೈಲಿನ ಮೂರನೇ ದರ್ಜೆಯ ಹಲಗೆ ಮಾತ್ರ. ಹೂಕೋಸು ಬೆಳೆಸಲು ನನ್ನ ಹೆಂಡತಿಯನ್ನು ಕೈಗಾಡಿಯಲ್ಲಿ ಒಯ್ಯುತ್ತಾರೆಂದು ತಿಳಿದವನು ಏನು ಮಾಡಬೇಕೋ ಅದನ್ನೇ ಮಾಡಿದೆ: ಫ್ಲಾಸ್ಕು, ಮೊಟ್ಟೆ ಸ್ಯಾಂಡ್‌ವಿಚ್ಚು, ಊರುಗೋಲು ಹಿಡಿದು ಬಂದು ಗೋರಿಯ ಪಕ್ಕ ಕಾವಲು ಕೂತೆ.

ನಮ್ಮ ನಿಜವಾದ ಪಾದ್ರಿ, ರೆವರೆಂಡ್ ಫಿಲಿಪಾ ಅವರು, ಒಬ್ಬರೇ ಆರು ಊರಿನ ಇಗರ್ಜಿಗಳನ್ನು ನೋಡಿಕೊಳ್ಳುವವರು. ಕಾರಿನ ಕಿಟಕಿ ಇಳಿಸಿ, "ಎತ್ಲಿ ಬಿಡಿ ಪ್ಯಾಡಿ, ಎಲ್ಲಾ ಕೊಳೆತೋಗಿದಾವೆ, ವಾಸ್ನೆ ಬೇರೆ! ಒಂದು ನಾಮಕರಣ ಇದೆ, ಬರ್ತೀನಿ" ಎಂದು ಹೊರಟೇಹೋದರು. ದೇವರ ಕೆಲಸದವರ ಬಾಯಲ್ಲಿ ಈ ಮಾತು ಕೇಳಿದ ಮೇಲೆ ನಾನು ಸ್ಯಾಂಡ್‌ವಿಚ್ಚನ್ನು ಪೊಟ್ಟಣಕ್ಕೆ ಮರಳಿಸಿ ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡೆ.

ಬಿಡಿಸಿ ಹೇಳಿದವನು ಇಂದು ಸಲಾಕೆ ಹಿಡಿದು ಬಂದ ರೆಜ್ ಟಟ್ಲ್, ಇಲ್ಲಿ ಹಳೆಯ ಉಗಿಬಂಡಿ ಓಡಿಸುವ ರೈಲು ಸಂಘದವನು. ಜೀವಮಾನವಿಡೀ ಬ್ಯಾಂಕಿನ ಮ್ಯಾನೇಜರನಾಗಿದ್ದು, ನಿವೃತ್ತನಾದ ಮೇಲೆ ಮುಖಕ್ಕೆ ಮಸಿ ಬಳಿದುಕೊಂಡು ಸುಖವಾಗಿರುವ ಮನುಷ್ಯ. ನಾನು ಊರುಗೋಲು ಎತ್ತಿದ್ದು ನೋಡಿ ಮೊದಲು ಹೆದರಿದ, ಆಮೇಲೆ ಬೇಲಿ ಹಿಡಿದುಕೊಂಡು ನಕ್ಕ. "ಅಯ್ಯೋ ಮಾರಾಯ, ಸ್ಲೀಪರ್ ಅಂದ್ರೆ ಹಳಿ ಕೆಳಗೆ ಅಡ್ಡ ಹಾಕ್ತಾರಲ್ಲ, ಆ ಮರದ ತೊಲೆ! ನಿನ್ ಹೆಂಡ್ತೀನ ಯಾರು ಎತ್ತಾರಯ್ಯ? ಬದುಕಿದ್ದಾಗ್ಲೇ ಅವಳನ್ನ ಜಾಗದಿಂದ ಅಲ್ಲಾಡಿಸೋಕೆ ಆಗ್ಲಿಲ್ಲ!" ನಾನೂ ನಕ್ಕೆ. ಮಾರ್ಜರಿ ಇದ್ದಿದ್ದರೆ ವರ್ಷವಿಡೀ ನಗುತ್ತಿದ್ದಳು. ಕಣ್ಣೊರೆಸಿಕೊಂಡು ಟಟ್ಲ್ ನಾನು ಕೂತಿದ್ದುದರ ಕಡೆ ನೋಡಿದ. "ಅಂದಂಗೆ ಏಳು, ಪ್ಯಾಡಿ. ನೀನು ಕೂತಿರೋದೂ ಒಂದು ಸ್ಲೀಪರೇ. ಸಂಘದ್ದು. ನಾಳೆ ಅದೂ ಹೋಗುತ್ತೆ."

ಮಾನ್ಯರೇ, ನನ್ನ ದೂರು ಇಲ್ಲಿಂದ ಶುರು. ಎರಡು ಕಲ್ಲಿನ ಮೇಲಿಟ್ಟ ಈ ಹಲಗೆಯ ಮೇಲೆ ನಾವಿಬ್ಬರೂ ಸಂಜೆ ಕೂರುತ್ತಿದ್ದೆವು. ಸಂಜೆಯ ಗಾಡಿ ಹೋಗುವಾಗ ಅವಳು ಕೈ ಬೀಸುತ್ತಿದ್ದಳು, ನಾನು ಬೀಸದಿದ್ದರೆ ಮೊಣಕೈಯಲ್ಲಿ ತಿವಿಯುತ್ತಿದ್ದಳು. ಕಾಲು ನಿಂತಮೇಲೂ ಇಲ್ಲಿಗೇ ಕರೆತಾ ಎಂದಳು, ಮಲಗುವ ಜಾಗವನ್ನೂ ಇಲ್ಲಿಂದಲೇ ತೋರಿಸಿದಳು. ಈಗ ಇದರ ಜಾಗಕ್ಕೆ ಬರಲಿರುವುದು ತಮ್ಮ ಹೆಸರಿನ ಹೊಸ ಬೆಂಚು. ಬೆನ್ನಿಗೆ ಇಂಜಿನ್ನಿನ ಕೆತ್ತನೆ, ತೋಳಿಗೆ ತಮ್ಮ ಟೋಪಿಯ ಆಕಾರ. ಅದರ ಮುಖ ಹಳಿಯ ಕಡೆಗೂ ಇಲ್ಲ, ಅವಳ ಕಡೆಗೂ ಇಲ್ಲ, ಐಸ್‌ಕ್ರೀಮ್ ಅಂಗಡಿಯ ಕಡೆಗೆ.

ತಮ್ಮ ಘನತೆಗೆ ಇದನ್ನು ತಪ್ಪಿಸುವುದೊಂದು ಹುಲ್ಲುಕಡ್ಡಿ. ಮುಂದಿನ ಪುಸ್ತಕದಲ್ಲಿ ನಾಳೆಯ ಬೆಳಗನ್ನು ಬಿಟ್ಟು ನೇರವಾಗಿ ನಾಡಿದ್ದಿಗೆ ಹೋಗುವಂತೆ ಮಾಡಬಹುದೇ? ಅಥವಾ ಟಟ್ಲ್‌ನ ಸಲಾಕೆಗೆ ಮಾತು ಬಂದು, 'ನನಗೆ ಸೊಂಟ ನೋವು' ಎನ್ನುವಂತೆ? ಅದೂ ಕಷ್ಟವಾದರೆ ಈ ತೊಲೆಗೆ ಎರಡು ಕಣ್ಣು, ಒಂದು ಮೂಗು ಬರೆಸಿಕೊಡಿ. ಅಳುವುದನ್ನು ನಾನೇ ಕಲಿಸುತ್ತೇನೆ. ಮುಖವಿರುವ ಮರ ಕಬ್ಬಿಣಗಳ ಮೇಲೆ ಮಾತ್ರ ತಮ್ಮ ದಯೆ ಹರಿಯುವುದನ್ನು ಮಾರ್ಜರಿ ಓದುವಾಗಲೇ ಗಮನಿಸಿದ್ದೇನೆ. ಡಾಂಬರು ಕುಡಿದು, ಬಾಯಿಮುಚ್ಚಿಕೊಂಡು, ಮೇಲೆ ಕೂತವರ ಭಾರ ಹೊತ್ತವುಗಳಿಗೆ ತಮ್ಮ ಯಾವ ಪುಟದಲ್ಲೂ ಜಾಗ ಸಿಕ್ಕಿಲ್ಲ.

ತಾವು ಬಾರದಿದ್ದರೂ ಚಿಂತೆಯಿಲ್ಲ. ಬೆಳಿಗ್ಗೆಯೇ ಕಂಬಳಿ ತಂದು ಈ ಹಲಗೆಯ ಮೇಲೆ ಉದ್ದಕ್ಕೆ ಮಲಗಿಬಿಡುತ್ತೇನೆ. ನನ್ನ ವಯಸ್ಸಿಗೆ ನಿದ್ದೆ ಎಲ್ಲಿ ಬೇಕಾದರೂ ಬರುತ್ತದೆ. ಕೆಳಗೊಂದು ಸ್ಲೀಪರ್, ಮೇಲೊಂದು ಸ್ಲೀಪರ್, ಪಕ್ಕದಲ್ಲೊಂದು ಸ್ಲೀಪರ್. ಪ್ರಕಟಣೆಯಲ್ಲಿ ಹೇಳಿದ್ದು ಯಾವುದನ್ನು ಎಂದು ಟಟ್ಲ್ ಟೋಪಿ ತೆಗೆದು ಯೋಚಿಸಲಿ. ಸಂಜೆಯ ಗಾಡಿ ಈಗ ಹೋಯಿತು, ಕೈ ಬೀಸಿದೆ, ಇಂದು ಯಾರೂ ತಿವಿಯದೆಯೇ. ಬರೆಯುವುದು ಇನ್ನೂ ಇತ್ತು, ಆದರೆ ಗೋರಿಗಳ ನಡುವಿನ ಯೂ ಮರದ ನೆರಳು ಕಾಗದದ ಮೇಲೆ ಬಂದು ಕೂತಿದೆ, ಸಾಲು ಕಾಣುತ್ತಿಲ್ಲ.

ತಮ್ಮ ವಿಶ್ವಾಸಿ,
ಪದ್ಮನಾಭಯ್ಯ (ಪ್ಯಾಡಿ)

ತಾ.ಕ.: ಇಷ್ಟು ಪುಸ್ತಕಗಳಲ್ಲಿ ತಾವು ರೈಲು ಹತ್ತಿದ್ದು, ಕೇಕು ತಿಂದದ್ದು, ಇಂಜಿನ್‌ಗಳನ್ನು ಕ್ಷಮಿಸಿದ್ದು ಎಲ್ಲವೂ ಇದೆ, ಒಬ್ಬರನ್ನಾದರೂ ಮಣ್ಣು ಮಾಡಿದ್ದು, ಒಬ್ಬ ವಿಧುರನ ಪಕ್ಕದಲ್ಲಿ ಕೂತದ್ದು ಕಾಣೆ. ಅಭ್ಯಾಸ ಮಾಡಿಕೊಳ್ಳುವ ಮನಸ್ಸಿದ್ದರೆ ಬೆಳಿಗ್ಗೆ ಬನ್ನಿ, ಹಲಗೆಯಲ್ಲಿ ಸರಿದು ಜಾಗ ಕೊಡುತ್ತೇನೆ. ಬರುವಾಗ ದಯವಿಟ್ಟು ಮುಖ ತನ್ನಿ.