ಒಣದ್ರಾಕ್ಷಿ ಗೋದಾಮಿನ ವೈಫೈ

ಕಣ್ಣಿಗೆ ಕಾಣದ ವಸ್ತು ಮಾರುವವನ ಗೋಳು ಯಾರಿಗೂ ಬೇಡ. ಚಿಕ್ಕೋಡಿಯಲ್ಲಿ ಅಂಗಡಿ ಇಟ್ಟು ಊರೂರಿಗೆ ವೈಫೈ ಕೂಡಿಸುವ ನನಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಆದರೆ ಅಥಣಿಯ ಒಣದ್ರಾಕ್ಷಿ ಸಾವ್ಕಾರರು ನನ್ನ ಜೀವವನ್ನೇ ಬಾಯಿಗೆ ತಂದಿದ್ದರು. “ಸಾಂಗ್ಲಿ ವ್ಯಾಪಾರಿ ಬಂದಾಗ ವೈಫೈ ನಡೀತಂದ್ರ ನಮ್ಮ ಬೀಗರ ಗೋದಾಮಿನ ಕೆಲಸಾನೂ ನಿನಗ. ಇಲ್ಲಂದ್ರ ನಿನ್ನ ಡಬ್ಬಿ ಕಿತ್ಕೊಂಡ ಹೋಗು” ಎಂದಿದ್ದರು. ಬೀಗರ ಕೆಲಸ ಸಿಗದಿದ್ದರೆ ಅಂಗಡಿ ಮುಚ್ಚುವುದೇ ಗತಿ ಎಂಬ ಸ್ಥಿತಿ ನನ್ನದು.

೧. ಗಾಳಿ

ತೂಕದ ಕಂಪ್ಯೂಟರಿನಿಂದ ಆಫೀಸಿಗೆ ಎಳೆದ ವಾಯರನ್ನು ಎಷ್ಟು ಸಲ ಹಾಕಿದರೂ ಇಲಿಗಳು ಕಡಿಯುತ್ತಿದ್ದವು. ವೈಫೈ ಕೂಡಿಸಿದೆ. ಅಲ್ಲಿ ತೂಗಿದ್ದು ಇಲ್ಲಿ ಬಿಲ್ಲಾಗಿ ಬಂತು. ಸಾವ್ಕಾರರು ಗೋಡೆ ತಡವಿದರು.

“ವಾಯರ್ ಎಲ್ಲೈತಿ ತಮ್ಮಾ?”

“ಇಲ್ರಿ ಸಾವ್ಕಾರ್ರ. ಗಾಳ್ಯಾಗ ಬರತೈತ್ರಿ.”

ಅವರು ಗಾಬರಿಯಾಗಿ ಆಳುಗಳಿಗೆ ಕೂಗಿದರು: “ಲೇ, ಫ್ಯಾನ್ ಬಂದ್ ಮಾಡ್ರೋ, ಬಿಲ್ ಹಾರಿ ಹೋದಾವು!”

೨. ಸೂಟಿ

ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ ಅಲ್ಲಿಯ ಕಾರಕೂನ ಫೋನ್ ಮಾಡಿದ: “ವೈಫೈ ಸತ್ತೈತ್ರಿ, ಲಗೂ ಬರ್ರಿ.” ಊಟ ಬಿಟ್ಟು ಬಸ್ ಹತ್ತಿದೆ. ಹೋಗಿ ನೋಡಿದರೆ ಡಬ್ಬಿ ಚೆಂಡು ಹೂವಿನಲ್ಲಿ ಮುಳುಗಿತ್ತು, ತೂತುಗಳ ತುಂಬ ಕುಂಕುಮ. ಪ್ಲಗ್ಗನ್ನು ಕಿತ್ತು ಇಟ್ಟಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

“ಇವತ್ತ ಯಂತ್ರಕ್ಕ ಸೂಟಿ. ಪೂಜಿ ದಿನ ದುಡಿಸ್ತಾರೇನು?” ಎಂದರು ಸಾವ್ಕಾರರು.

“ಮತ್ತ ನನ್ನ ಯಾಕ ದುಡಸಾಕತ್ತೀರಿ?”

ಅವರು ವಿಚಾರ ಮಾಡಿ, ನನ್ನ ಹಣೆಗೂ ಕುಂಕುಮ ಹಚ್ಚಿ ಡಬ್ಬಿಯ ಪಕ್ಕದಲ್ಲಿ ಕೂರಿಸಿದರು.

೩. ಸಾಂಗ್ಲಿ ವ್ಯಾಪಾರಿ

ಕೊನೆಗೂ ವ್ಯಾಪಾರಿ ಬಂದ. ಮಾಲನ್ನು ವಿಡಿಯೊ ಕರೆಯಲ್ಲಿ ಮುಂಬೈ ಮಾಲಕನಿಗೆ ತೋರಿಸಬೇಕಿತ್ತು. ದಪ್ಪ ಗೋಡೆಯ ಗೋದಾಮಿನಲ್ಲಿ ಫೋನಿಗೆ ರೇಂಜ್ ಇಲ್ಲ, ವೈಫೈಯೇ ಗತಿ. ನಾನಿಟ್ಟ ಪಾಸ್‌ವರ್ಡನ್ನು ಸಾವ್ಕಾರರು ಮಗಳ ಕೈಯಿಂದ ಬದಲಿಸಿದ್ದರು.

“ಪಾಸ್‌ವರ್ಡ್ ಕಾಯ್ ಆಹೇ?” ವ್ಯಾಪಾರಿ ಮರಾಠಿಯಲ್ಲಿ ಕೇಳಿದ.

“ಮಾಹೀತ್ ನಾಹೀ” ಎಂದರು ಸಾವ್ಕಾರರು.

ಗೊತ್ತಿಲ್ಲ ಎಂಬಷ್ಟು ಮರಾಠಿ ನನಗೂ ಬರುತ್ತಿತ್ತು. ಕನ್ನಡದಲ್ಲಿ ಮತ್ತೆ ಕೇಳಿದೆ: “ಸಾವ್ಕಾರ್ರ, ಪಾಸ್‌ವರ್ಡ್ ಏನ್ರಿ?”

“ಗೊತ್ತಿಲ್ಲ.”

ವ್ಯಾಪಾರಿ ಕೈಯಲ್ಲಿದ್ದ ದ್ರಾಕ್ಷಿಯನ್ನು ತಟ್ಟೆಗೆ ಎಸೆದು ಕಾರಿನ ಕಡೆ ನಡೆದ. ನನ್ನ ಅಂಗಡಿಯೂ ಅವನ ಹಿಂದೆಯೇ ಹೊರಟಿತ್ತು.

“ನೀವ ಬದಲಿ ಮಾಡಿಸಿ, ಗೊತ್ತಿಲ್ಲಂದ್ರ ಹೆಂಗ್ರಿ?” ಎಂದು ಚೀರಿದೆ.

“ಅದನ್ನ ಹೇಳಾಕತ್ತೇನಲ್ಲೋ! ಬಾಜೂಕಿನವ್ರು ದಿನಾ ಪಾಸ್‌ವರ್ಡ್ ಕೇಳ್ತಾರ. ಹಣಿಗೆ ವಿಭೂತಿ ಹಚ್ಚಿ ಸುಳ್ಳ ಹೆಂಗ ಹೇಳ್ಲಿ? ಅದಕ್ಕ ಪಾಸ್‌ವರ್ಡನ್ನ ‘ಗೊತ್ತಿಲ್ಲ’ ಅಂತ ಇಟ್ಟೇನಿ!”

ಓಡಿಹೋಗಿ ಕಾರಿಗೆ ಅಡ್ಡ ನಿಂತೆ. ವ್ಯಾಪಾರಿಯನ್ನು ಒಳಗೆ ಕರೆತಂದು ಅವನ ಫೋನಿನಲ್ಲಿ ನಾನೇ ‘ಗೊತ್ತಿಲ್ಲ’ ಒತ್ತಿದೆ. ಮುಂಬೈ ಕಂಡಿತು, ಮಾಲು ಮಾರಿಹೋಯಿತು, ಬೀಗರ ಕೆಲಸ ನನಗೆ ಬಂತು.

ಚಹಾ ಕುಡಿಯುತ್ತ ಕೇಳಿದೆ: “ಮತ್ತ ಆ ವ್ಯಾಪಾರಿಗೆ ‘ಮಾಹೀತ್ ನಾಹೀ’ ಯಾಕ ಅಂದ್ರಿ?”

“ಪಾಪ, ಅವ್ರಿಗೆಲ್ಲಿ ಕನ್ನಡ ಬರತೈತೋ? ತಿಳೀಲಿ ಅಂತ ಮರಾಠಿಯೊಳಗ ಹೇಳಿದೆ!”